ಒಳಚಿಲಕ

ಮನೆ ಕೊಡುವುದಕ್ಕೆ ಮೊದಲು ನಮ್ಮನ್ನು ತೊಳೆದರು.

ಸಂಸ್ಥೆಯ ಆಫೀಸಿನ ಹಿಂದೆ ಕಾರು ತೊಳೆಯುವ ಜಾಗವಿತ್ತು. ಅಲ್ಲಿ ಸಾಲಾಗಿ ನಿಲ್ಲಿಸಿದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಡುವೆ ಒಂದು ಟಾರ್ಪಾಲು. ಗಾಳಿ ಬೀಸಿದರೆ ಅದು ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತಿತ್ತು. ಮೂಗು ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯೊಬ್ಬಳು ಪೈಪು ಹಿಡಿದು ಉಟ್ಟ ಬಟ್ಟೆಯ ಮೇಲೆಯೇ ನೀರು ಬಿಟ್ಟಳು. ತಲೆಗೆ ಫಿನೈಲಿನ ವಾಸನೆಯ ಏನನ್ನೋ ಸುರಿದಳು. ಕಣ್ಣು ಉರಿಯಿತು. ಪಕ್ಕದಲ್ಲಿ ಒಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ತೊಳೆಯುವ ಮುಂಚಿನ ಮುಖ ಒಂದು, ತೊಳೆದ ಮೇಲಿನ ಮುಖ ಒಂದು.

ನನ್ನ ಅತ್ತೆಯ ಬಾಯಿ ಆಗಲೂ ಸುಮ್ಮನಿರಲಿಲ್ಲ. "ನಂಬರ್ ಪ್ಲೇಟು ಚೆನ್ನಾಗಿ ಉಜ್ಜಮ್ಮ, ಕಾಣ್ಬೇಕು," ಎಂದಳು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಆ ಹುಡುಗಿ ನಗಲಿಲ್ಲ. ಅವಳಿಗೆ ನಾವು ಬರೀ ವಾಸನೆ.

ಕೊಳಕು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ವಾರ್ಡುಗಳಿಂದ ಗಂಟು ಕಟ್ಟಿ ಬರುವ ಶೀಟುಗಳನ್ನು ಬಿಚ್ಚಿ, ಕೈಯಲ್ಲಿ ಕೊಡವಿ, ಮೊದಲ ನೀರಿಗೆ ಹಾಕುವುದು ನನ್ನ ಪಾಲು. ರಕ್ತ, ಕೀವು, ವಾಂತಿ, ಹೇಲು. ಮಡಿಕೆಯೊಳಗೆ ಸೂಜಿ ಇರುತ್ತದೆ, ಹತ್ತಿಯ ಉಂಡೆ ಇರುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಇತ್ತು. ಗ್ಲೌಸು ಹರಿದರೆ ಹೊಸದು ಬರುವ ತನಕ ಬರಿಗೈ. ಒದ್ದೆ ಶೀಟು ಎಳೆದೆಳೆದು ನನ್ನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿದೆ. ಇಷ್ಟು ವರ್ಷದಲ್ಲಿ ನನಗೆ ವಾಕರಿಕೆ ಬಂದದ್ದಿಲ್ಲ. ಕಾಯಿಲೆಯವರ ಮೈಯಿಂದ ಬರುವುದು ಕಾಯಿಲೆ. ಅದರಲ್ಲಿ ಹೇಸಿಕೊಳ್ಳುವುದೇನಿದೆ? ಹೇಸಿಗೆ ಏನೆಂದು ನಾನು ಕಲಿತದ್ದು ಆ ಮನೆಗೆ ಹೋದ ಮೇಲೆ.

ನನ್ನ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಸಾರವೆಯಿಂದ ಬಿದ್ದು ಸತ್ತ. ತಿಂಗಳು ತುಂಬುವುದರೊಳಗೆ ಬಾಡಿಗೆ ಕೋಣೆಯವರು ನಮ್ಮ ಪಾತ್ರೆ ಪಡಗ ಎಲ್ಲ ಬೀದಿಗಿಟ್ಟರು. ಗಂಡಸು ದಿಕ್ಕಿಲ್ಲದ ಇಬ್ಬರು ಹೆಂಗಸರಿಗೆ ಕೋಣೆ ಕೊಡುವವರು ಸಿಗಲಿಲ್ಲ. ಸಿಕ್ಕವರು ಕೇಳಿದ ಮುಂಗಡ ನನ್ನ ಕೈಗೆ ಎಟುಕಲಿಲ್ಲ. ಆಸ್ಪತ್ರೆಯ ಹಿಂಗೋಡೆಯಲ್ಲಿ ಲಾಂಡ್ರಿಯ ಬಿಸಿಗಾಳಿ ಹೊರಗೆ ಬರುವ ದೊಡ್ಡ ಕೊಳವೆ ಇದೆ. ಅದರ ಕೆಳಗೆ ಸೇರಿಕೊಂಡೆವು. ಹಗಲೆಲ್ಲ ನಾನು ಒಳಗೆ ಬೆವರಿದ ಬಿಸಿಯೇ ನಮ್ಮನ್ನು ಚಳಿಯಿಂದ ಕಾಯುತ್ತಿತ್ತು. ಮೊದಲು ನಾನು ಅತ್ತೆಗೆ 'ನೀವು' ಎನ್ನುತ್ತಿದ್ದೆ. ಒಂದೇ ಕಂಬಳಿಯಲ್ಲಿ ವರ್ಷಗಟ್ಟಲೆ ಮಲಗಿದ ಮೇಲೆ ಅದು 'ನೀನು' ಆಯಿತು. ಅವಳೂ ಬೇಡವೆನ್ನಲಿಲ್ಲ.

ಬೀದಿಯಲ್ಲಿ ಹೆಂಗಸಿನ ದೊಡ್ಡ ಕಷ್ಟ ಹಸಿವಲ್ಲ. ಹಸಿವಿಗೆ ಯಾರಾದರೂ ಏನಾದರೂ ಕೊಡುತ್ತಾರೆ. ಹೊಟ್ಟೆ ಖಾಲಿ ಮಾಡಲು ಯಾರೂ ಜಾಗ ಕೊಡುವುದಿಲ್ಲ. ನನಗಾದರೆ ಕೆಲಸದ ಜಾಗದಲ್ಲಿ ಕಕ್ಕಸಿತ್ತು. ಅತ್ತೆಯನ್ನು ಆಸ್ಪತ್ರೆಯ ಕಾವಲಿನವರು ಒಳಗೆ ಬಿಡುತ್ತಿರಲಿಲ್ಲ. ಅವಳು ಬೆಳಕು ಹರಿಯುವ ಮುಂಚೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಹೋಗುತ್ತಿದ್ದಳು. ನಡುವಿನ ಹೊತ್ತೆಲ್ಲ ನೀರು ಮುಟ್ಟುತ್ತಿರಲಿಲ್ಲ. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. "ಕುಡಿದ್ರೆ ತಾನೇ ಹೋಗ್ಬೇಕು? ಕುಡಿಯೋದೇ ಬೇಡ," ಎನ್ನುತ್ತಿದ್ದಳು. ಅಷ್ಟು ವರ್ಷದಲ್ಲಿ ಒಬ್ಬರ ಕಣ್ಣಿಗೂ ಬೀಳದ ಹಾಗೆ ತನ್ನ ಮಾನ ಕಾಪಾಡಿಕೊಂಡಿದ್ದಳು.

ಸಂಸ್ಥೆಯವರು ನಮ್ಮನ್ನು ಆರಿಸಿದ್ದು ನನಗೆ ಕೆಲಸ ಇತ್ತು ಎಂಬ ಕಾರಣಕ್ಕೆ. ಬೀದಿಯವರನ್ನು ಕಾಯಂ ಮನೆಗೆ ಸೇರಿಸುವ ಯೋಜನೆಯಂತೆ. ಮೊದಲೊಂದು ವರ್ಷ ನಾವು ಮನೆಯಲ್ಲಿ ಹೇಗಿರುತ್ತೇವೆ ಎಂದು ನೋಡುತ್ತಾರೆ. ಯೋಗ್ಯರು ಅನ್ನಿಸಿದರೆ ಕಾಯಂ ಪತ್ರ ಕೊಡುತ್ತಾರೆ. ನನ್ನ ಸಂಬಳದಲ್ಲಿ ಬಾಡಿಗೆ ಹಿಡಿದುಕೊಳ್ಳುತ್ತಾರೆ. ನಾನು ಆಗಲಿ ಎಂದೆ. ಯಾರು ತಾನೇ ಬೇಡ ಅನ್ನುತ್ತಾರೆ?

ಮೂರನೆಯ ಮಹಡಿ. ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಒಂದು ಬಾತ್‌ರೂಮು. ಗೋಡೆಗೆ ಹೊಸ ಸುಣ್ಣ. ಮೊದಲ ದಿನ ಅತ್ತೆ ಬಾತ್‌ರೂಮಿಗೆ ಹೋದವಳು ಹೊರಗೆ ಬರಲೇ ಇಲ್ಲ. ಏನಾಯಿತೋ ಎಂದು ಬಾಗಿಲ ಹತ್ತಿರ ಹೋಗಿ ಕೂಗಿದೆ.

"ಅತ್ತೆ, ಮುಗೀತಾ?"

"ಮುಗಿದು ಎಷ್ಟೋ ಹೊತ್ತಾಯ್ತು," ಎಂದಳು ಒಳಗಿನಿಂದ. "ಸುಮ್ನೆ ಕೂತಿದ್ದೀನಿ. ಹಗಲು ಹೊತ್ತು. ಮಹಾರಾಣಿ ತರ. ನೀನು ಹೋಗಿ ಒಲೆ ನೋಡು."

ಅವತ್ತಿನಿಂದ ಅವಳು ಕುಡಿದದ್ದೇ ನೀರು. ಚೊಂಬುಗಟ್ಟಲೆ ಕುಡಿಯುವಳು, ನಗುನಗುತ್ತ ಒಳಗೆ ಹೋಗುವಳು. ತುಟಿಯ ಸಿಪ್ಪೆ ಉದುರಿ ಹೊಸ ಚರ್ಮ ಬಂತು.

ಬಾಗಿಲಿನದು ಮಾತ್ರ ನನಗೆ ಮೊದಲ ದಿನವೇ ಕಂಡಿತ್ತು. ಹೊರಗಡೆ ಬೀಗದ ಕೊಂಡಿ ಇತ್ತು. ಒಳಗಡೆ ಚಿಲಕ ಇರಲಿಲ್ಲ. ಇದ್ದದ್ದನ್ನು ಬಿಚ್ಚಿ ತೆಗೆದಿದ್ದರು. ಸ್ಕ್ರೂ ಹೋದ ತೂತುಗಳು ಸುಣ್ಣ ಮೆತ್ತಿಕೊಂಡು ಹಾಗೇ ಇದ್ದವು. ಬಾತ್‌ರೂಮಿನ ಬಾಗಿಲಿಗೂ ಅದೇ ಗತಿ. ಕಟ್ಟಡ ನೋಡಿಕೊಳ್ಳುವ ಸೂಪರ್‌ವೈಸರನ್ನು ಕೇಳಿದೆ.

"ಎಲ್ಲಾ ಮನೇಲೂ ಹಾಗೇನೇ," ಎಂದ. "ಒಳಗೆ ಬಾಗಿಲು ಹಾಕ್ಕೊಂಡು ನೀವು ಏನು ಮಾಡ್ತೀರೋ ಯಾರಿಗೆ ಗೊತ್ತು? ಕುಡಿಯೋರು, ನೇಣು ಹಾಕ್ಕೊಳೋರು, ಎಲ್ಲಾ ತರದೋರೂ ಬರ್ತೀರಿ. ನಿಮ್ಮ ಒಳ್ಳೇದಕ್ಕೇ ಮಾಡಿರೋದು."

ಒಳ್ಳೆಯದು ಏನೆಂದು ಭಾನುವಾರ ಗೊತ್ತಾಯಿತು. ಭಾನುವಾರ ನೋಡುವವರು ಬರುತ್ತಿದ್ದರು. ಸಂಸ್ಥೆಗೆ ದುಡ್ಡು ಕೊಡುವವರು, ಕೊಡಬಹುದಾದವರು, ಅವರ ನೆಂಟರು. ಮುಂದೆ ಸಂಸ್ಥೆಯ ಮೇಡಂ, ಹಿಂದೆ ಸೂಪರ್‌ವೈಸರು, ನಡುವೆ ಅವರು. ಬಾಗಿಲು ತಟ್ಟುತ್ತಿರಲಿಲ್ಲ. ತಳ್ಳಿಕೊಂಡು ಬರುತ್ತಿದ್ದರು. ಉಣ್ಣುತ್ತಿದ್ದರೆ ತಟ್ಟೆಯೊಳಗೆ ಬಗ್ಗಿ ನೋಡುವರು. ಪಾತ್ರೆಯ ಮುಚ್ಚಳ ತೆಗೆಯುವರು. ಹಾಸಿಗೆ ಎತ್ತಿ ಕೆಳಗೇನಿದೆ ಎಂದು ನೋಡುವರು. ಒಬ್ಬಳು ನನ್ನ ದಿಂಬನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ವಾಸನೆ ಏನೂ ಇಲ್ವಲ್ಲ," ಎಂದು ಮೇಡಂ ಕಡೆ ನೋಡಿ ಮೆಚ್ಚಿಕೊಂಡಳು.

"ನಾಳೆ ಬನ್ನಿ, ಇರುತ್ತೆ," ಎಂದಳು ಅತ್ತೆ.

ಮೇಡಂ ನಕ್ಕಳು. ನಮ್ಮ ಅಜ್ಜಿ ಬಹಳ ತಮಾಷೆ ಎಂದಳು. 'ನಮ್ಮ' ಅಜ್ಜಿ.

ನಾನು ಹಲ್ಲು ಕಚ್ಚಿಕೊಂಡಿದ್ದೆ. ಒಂದು ವರ್ಷ ತಾನೇ, ಪತ್ರ ಕೈಗೆ ಬರಲಿ ಎಂದುಕೊಂಡೆ. ಅವರು ಹೋದ ಮೇಲೆ ದಿಂಬಿನ ಬಟ್ಟೆ ಬಿಚ್ಚಿ ಒಗೆದೆ. ಯಾರು ಯಾರನ್ನು ಮೂಸಬೇಕಿತ್ತೋ.

ಇನ್ನೊಂದು ಭಾನುವಾರ ಅತ್ತೆಯ ಹೊಟ್ಟೆ ಕೆಟ್ಟಿತ್ತು. ಬೆಳಗಿನಿಂದ ಒಳಗೆ ಹೊರಗೆ ಓಡಾಡಿ ಸುಸ್ತಾಗಿದ್ದಳು. ಅವರು ಬಂದಾಗ ಅವಳು ಬಾತ್‌ರೂಮಿನಲ್ಲಿದ್ದಳು. ಈ ಸಲ ಬಹಳ ಜನ. ಗಂಡಸರು ಹೆಂಗಸರು ಕೂಡಿ ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮೈಯಿಂದಲೂ ಸೆಂಟಿನ ವಾಸನೆ. ಸೂಪರ್‌ವೈಸರು ಅಡುಗೆ ಕಟ್ಟೆ ತೋರಿಸಿದ, ಕಿಟಕಿ ತೋರಿಸಿದ.

"ಸಾರ್, ಅತ್ತೆ ಒಳಗಿದ್ದಾರೆ," ಎಂದೆ. ನನ್ನ ಮಾತು ಮುಗಿದಿರಲಿಲ್ಲ. "ಇಲ್ಲಿ ನೋಡಿ, ಪ್ರತಿ ಮನೆಗೂ ಬೇರೆ ಬೇರೆ ಬಾತ್‌ರೂಮ್," ಎಂದು ಅವನು ಬಾಗಿಲು ತಳ್ಳಿದ.

ಅತ್ತೆ ಕೂತಿದ್ದಳು. ಸೀರೆ ಸೊಂಟಕ್ಕೆ ಎತ್ತಿ ಕಟ್ಟಿಕೊಂಡು ಕೂತಿದ್ದಳು. ಹೊಟ್ಟೆನೋವಿಗೆ ಎರಡೂ ಕೈಯಲ್ಲಿ ಬಕೆಟ್ಟಿನ ಅಂಚು ಹಿಡಿದುಕೊಂಡಿದ್ದಳು. ತಲೆ ಎತ್ತಿದಳು. ಬಾಗಿಲಲ್ಲಿ ಅಷ್ಟೂ ಜನ. ಏಳಲಾರಳು, ಕೂರಲಾರಳು. ಸೆರಗನ್ನು ಎಳೆದು ಮುಚ್ಚಿಕೊಂಡಳು, ಮುಖಕ್ಕೆ. ಮುಚ್ಚಿಕೊಳ್ಳಲು ಅವಳಿಗೆ ಉಳಿದಿದ್ದದ್ದು ಅದೊಂದೇ.

ಯಾರೋ ಮೂಗಿಗೆ ಕರ್ಚೀಫು ಇಟ್ಟರು. ಯಾರೋ ಕಿಸಕ್ಕೆಂದರು. ನಾನು ಜನರನ್ನು ನೂಕಿಕೊಂಡು ಹೋಗಿ ಬಾಗಿಲು ಎಳೆದೆ. ಎಳೆದು ಹಿಡಿದು ನಿಂತೆ. ಚಿಲಕವಿಲ್ಲದ ಬಾಗಿಲು, ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತಿತ್ತು.

ಮೇಡಂ ಬಾಗಿಲಿನ ಕಡೆ ಬಾಗಿ, ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು: "ಅಜ್ಜಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ರೋಡಲ್ಲೇ ಇದ್ರಲ್ಲ. ಅಲ್ಲಿ ಬಾಗಿಲೇ ಇರಲಿಲ್ಲ."

ಬಂದವರು ನಕ್ಕರು. ಆ ನಗುವಿನಿಂದ ಎಲ್ಲ ಸರಿಹೋಯಿತು ಎಂಬಂತೆ ಪಕ್ಕದ ಮನೆಗೆ ಹೋದರು.

ಅವತ್ತಿನಿಂದ ಅತ್ತೆ ಮಾತು ಬಿಟ್ಟಳು. ನೀರೂ ಬಿಟ್ಟಳು. ಚೊಂಬು ಹಿಡಿದು ಹತ್ತಿರ ಹೋದರೆ ಗೋಡೆಯ ಕಡೆ ತಿರುಗುವಳು. ಕತ್ತಲಾದ ಮೇಲೆಯೇ ಬಾತ್‌ರೂಮಿಗೆ ಹೋಗುವಳು. ಹೋಗುವ ಮುಂಚೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸುವಳು. ಬೀದಿಯಿಂದ ನಾವು ಮನೆಗೆ ಬಂದಿದ್ದೆವು. ಅವಳ ಮೈ ಮಾತ್ರ ವಾಪಸ್ ಬೀದಿಗೆ ಹೋಗಿತ್ತು.

ಒಂದು ದಿನ ನಾನು ಕೆಲಸಕ್ಕೆ ಹೊರಡುವಾಗ ಕುಸಿದು ಬಿದ್ದಳು. ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಈ ಸಲ ಕಾವಲಿನವರು ತಡೆಯಲಿಲ್ಲ. ಸಾಯುವ ಹಾಗಿದ್ದರೆ ಬಿಡುತ್ತಾರೆ. ಮೂತ್ರ ಕಟ್ಟಿ ಒಳಗೆ ವಿಷವಾಗಿದೆ ಎಂದರು. ಡಾಕ್ಟರು, "ನೀರು ಯಾಕೆ ಕುಡಿಯಲ್ಲ ಅಜ್ಜಿ?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮರುದಿನ ಆ ವಾರ್ಡಿನ ಗಂಟು ನನ್ನ ಮುಂದೆಯೇ ಬಂದು ಬಿತ್ತು. ಬಿಚ್ಚಿದೆ. ಯಾವುದು ಅವಳ ಶೀಟೋ ಗೊತ್ತಿಲ್ಲ. ಎಲ್ಲವೂ ಅವಳದೇ ಅನ್ನಿಸಿತು. ಮೊದಲ ಸಲ ನನಗೆ ವಾಕರಿಕೆ ಬಂತು. ಮೋರಿಯ ಹತ್ತಿರ ಓಡಿದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಶೀಟು ನೋಡಿ ಅಲ್ಲ. ಬಾಗಿಲಿನ ಕಡೆ ಬಾಗಿದ ಮೇಡಂ ಮುಖ ಕಣ್ಣ ಮುಂದೆ ಬಂದಿತ್ತು. ಆ ಕರ್ಚೀಫು ಬಂದಿತ್ತು. ಅಷ್ಟು ಚೊಕ್ಕಟವಾದ ಕೊಳಕನ್ನು ನಾನು ಯಾವ ಗಂಟಿನಲ್ಲೂ ಕಂಡಿರಲಿಲ್ಲ.

ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಚಿಲಕ ಬೇಕು. ಎರಡು."

"ಕಿಟಕಿಗಾ, ಬಾಗಿಲಿಗಾ?"

"ಬಾಗಿಲಿಗೆ. ಒಳಗಡೆಯಿಂದ ಹಾಕ್ಕೊಳೋದು."

"ಚಿಕ್ಕದು ಸಾಕಾ?"

"ಗಟ್ಟಿ ಇರೋದು ಕೊಡಿ. ಮೂರು ನಾಲ್ಕು ಜನ ತಳ್ಳಿದ್ರೂ ಬಿಡಬಾರದು."

ಲಾಂಡ್ರಿಯ ಮೆಕ್ಯಾನಿಕ್‌ನ ಹತ್ತಿರ ಸ್ಕ್ರೂಡ್ರೈವರ್ ಕೇಳಿ ತಂದಿದ್ದೆ. ಹಳೆಯ ತೂತುಗಳು ಸಡಿಲವಾಗಿದ್ದವು, ಸ್ಕ್ರೂ ನಿಲ್ಲಲಿಲ್ಲ. ಬೆಂಕಿಕಡ್ಡಿ ಮುರಿದು ತೂತಿಗೆ ತುಂಬಿ ಮತ್ತೆ ತಿರುಗಿಸಿದೆ. ಶೀಟು ಹಿಂಡಿದ ಕೈ ನನ್ನದು. ಕೊನೆಯ ಸುತ್ತಿಗೆ ಮರ ಕಿರ್ ಎಂದಿತು. ಎರಡೂ ಬಾಗಿಲಿಗೆ ಹಾಕಿದೆ. ಅತ್ತೆಯನ್ನು ಮನೆಗೆ ಕರೆತಂದ ದಿನ ಬಾತ್‌ರೂಮಿನ ಚಿಲಕ ತೋರಿಸಿದೆ. ಅವಳು ಒಳಗೆ ಹೋದಳು. ಹಾಕಿದಳು, ತೆಗೆದಳು. ಹಾಕಿದಳು, ತೆಗೆದಳು. ಹೊರಗೆ ಬಂದು ಚೊಂಬಿಗೆ ಕೈ ಚಾಚಿದಳು.

ಸೂಪರ್‌ವೈಸರಿಗೆ ಮರುದಿನವೇ ಗೊತ್ತಾಯಿತು. ಬಾಗಿಲಲ್ಲಿ ನಿಂತು ಚಿಲಕವನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಯಾರ್ನ ಕೇಳಿ ಹಾಕಿದ್ದು?"

"ಯಾರ್ನೂ ಕೇಳಿಲ್ಲ."

"ಭಾನುವಾರದೊಳಗೆ ತೆಗೀಬೇಕು. ಇಲ್ಲಾಂದ್ರೆ ಮನೆ ಕ್ಯಾನ್ಸಲ್. ನಿಮ್ಮಂಥೋರಿಗೆ ಎಷ್ಟು ಮಾಡಿದ್ರೂ ಅಷ್ಟೇ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ."

"ದಟ್ಟಿ ಕೊಟ್ಟೋರು ಅದನ್ನ ಉಟ್ಕೊಳೋದನ್ನೂ ನಿಂತು ನೋಡ್ತಾರಾ ಸಾರ್?"

ಹಾಸಿಗೆಯ ಮೇಲಿದ್ದ ಅತ್ತೆಯ ಮೂಗಿನಿಂದ ಒಂದು ಸದ್ದು ಬಂತು. ನಗು ಎನ್ನುವಷ್ಟು ದೊಡ್ಡದಲ್ಲ. ಆದರೂ ಸದ್ದು. ಅವನು ಮುಖ ಕೆಂಪು ಮಾಡಿಕೊಂಡು ಇಳಿದುಹೋದ.

ಅವನ ಹಿಂದೆಯೇ ಕೆಳಗಿನ ಮನೆಯ ಬಲೂನಿನವಳು ಬಂದಳು. ಸಿಗ್ನಲ್ಲಿನಲ್ಲಿ ಬಲೂನು ಮಾರುವವಳು, ಮೊದಲು ಸೇತುವೆಯ ಕೆಳಗೆ ಇದ್ದವಳು.

"ಅಕ್ಕಾ, ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ಮಾಡ್ಬೇಡಕ್ಕ. ನಿನ್ನಿಂದ ನಮಗೂ ಮನೆ ಹೋಗುತ್ತೆ. ನೋಡ್ಕೊಂಡು ಹೋಗ್ಲಿ ಬಿಡು. ನೋಡಿದ್ರೆ ಮೈ ಸವೆಯುತ್ತಾ?"

"ಸವೆಯುತ್ತೆ," ಎಂದೆ. "ಅತ್ತೆ ಮೈ ನೋಡು."

ಅವಳು ನೋಡಿದಳು. "ಮಕ್ಕಳಿವೆ ಅಕ್ಕಾ ನನಗೆ," ಎಂದು ಹೊರಟುಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳಿಗೆ ಹೀಗೆ ಹೆದರುವುದನ್ನು ಕಲಿಸಿದವರ ಮೇಲೆ ಬಂತು.

ಭಾನುವಾರ ಬೆಳಿಗ್ಗೆ ಉಂಡು, ಪಾತ್ರೆ ತೊಳೆದು, ಬಾಗಿಲು ಹಾಕಿ ಚಿಲಕ ಎಳೆದೆ. ಅತ್ತೆ ಹಾಸಿಗೆಯಲ್ಲಿ ಎದ್ದು ಕೂತಳು. ಮೆಟ್ಟಿಲ ಮೇಲೆ ಅವರ ಮಾತು, ನಗು, ಚಪ್ಪಲಿಯ ಸದ್ದು ಕೇಳಿಸಿತು. ಸುಳ್ಳು ಯಾಕೆ ಹೇಳಲಿ? ಕೊಳವೆಯ ಕೆಳಗಿನ ಆ ಜಾಗ ಕಣ್ಣ ಮುಂದೆ ಬಂತು. ಅಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಸೂಪರ್‌ವೈಸರು ಎಂದಿನ ಹಾಗೆ ಬಾಗಿಲು ತಳ್ಳಿದ. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟ. ಚಿಲಕ ಕಟಕಟ ಎಂದಿತು, ಬಿಡಲಿಲ್ಲ. ಹೊರಗೆ ಮಾತು ನಿಂತಿತು. ಆಮೇಲೆ ಬಾಗಿಲು ತಟ್ಟಿದ ಸದ್ದು.

ಗಂಡ ಸತ್ತ ಮೇಲೆ ನನ್ನ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಬಾಗಿಲೇ ಇರಲಿಲ್ಲವಲ್ಲ.

"ಯಾರು?" ಎಂದೆ.

"ನಾನಮ್ಮ. ತೆಗಿ ಬಾಗಿಲು."

"ಏನು ಕೆಲಸ?"

"ಗೆಸ್ಟ್ ಬಂದಿದ್ದಾರೆ."

"ನಾವು ಯಾರನ್ನೂ ಕರೆದಿಲ್ವಲ್ಲ."

ಹೊರಗೆ ಗುಸುಗುಸು ಎದ್ದಿತು. ಮೇಡಂ ಬಾಗಿಲ ಹತ್ತಿರ ಬಂದಳು. ಮಗುವಿಗೆ ಹೇಳುವ ಆ ದನಿ ಈಗ ಇರಲಿಲ್ಲ. "ನೋಡಮ್ಮ, ಈ ಮನೆ ಇನ್ನೂ ನಿಮ್ಮದಾಗಿಲ್ಲ. ನೆನಪಿಟ್ಕೋ."

"ಹಾಗಿದ್ರೆ ನಿಮ್ಮದಾಗಿರೋ ಮನೆ ತೋರ್ಸಿ ಮೇಡಂ. ಕರ್ಕೊಂಡು ಹೋಗಿ ಇವರನ್ನ. ನಿಮ್ಮ ದಿಂಬು ಮೂಸ್ಲಿ. ನಿಮ್ಮ ಅತ್ತೆ ಕೂತಿರೋವಾಗ ಬಾತ್‌ರೂಮ್ ಬಾಗಿಲು ತೆಗೆದು ತೋರ್ಸಿ. ಆಮೇಲೆ ಇಲ್ಲಿಗೆ ಬನ್ನಿ, ನಾನೂ ತೆಗೀತೀನಿ."

ಸ್ವಲ್ಪ ಹೊತ್ತಿಗೆ ಚಪ್ಪಲಿಗಳು ಕೆಳಗಿಳಿದವು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಲಾಂಡ್ರಿಯಲ್ಲಿ ಎರಡು ಪಾಳಿ ಒಟ್ಟಿಗೆ ಮಾಡಿದ ಹಾಗಿತ್ತು ಮೈ.

ಮನೆ ಖಾಲಿ ಮಾಡಬೇಕು ಎಂದು ಪತ್ರ ಬಂತು. ನಾವು ಖಾಲಿ ಮಾಡಲಿಲ್ಲ. ಅದಾದ ಮೇಲೆ ಒಂದು ಮಧ್ಯಾಹ್ನ ಮೇಡಂ ಒಬ್ಬಳೇ ಬಂದಳು. ಬಾಗಿಲು ತಟ್ಟಿಯೇ ಬಂದಳು. ಕುರ್ಚಿ ಇರಲಿಲ್ಲ, ಹಾಸಿಗೆಯ ಅಂಚಿನಲ್ಲಿ ಸೀರೆ ಒತ್ತಿಕೊಂಡು ಕೂತಳು. ಸಂಸ್ಥೆಯ ವಾರ್ಷಿಕ ಸಮಾರಂಭ ಇದೆಯಂತೆ. ನಾನು ವೇದಿಕೆಗೆ ಬಂದು, ಬೀದಿಯಲ್ಲಿ ಹೇಗಿದ್ದೆವು, ಈಗ ಹೇಗಿದ್ದೇವೆ ಎಂದು ಹೇಳಬೇಕಂತೆ. ಅವತ್ತು ಬಾಗಿಲು ತೆಗೆಯದಿದ್ದದ್ದು ತಪ್ಪಾಯಿತು ಎಂದು ಒಂದು ಮಾತು ಸೇರಿಸಬೇಕಂತೆ. ಹಾಗಾದರೆ ಕಾಯಂ ಪತ್ರ ಅಲ್ಲೇ, ವೇದಿಕೆಯ ಮೇಲೆಯೇ.

"ಯೋಚ್ನೆ ಮಾಡು. ನಿನ್ನ ಒಂದು ಮಾತಿಗೆ ಒಂದು ಮನೆ," ಎಂದಳು. ಆಮೇಲೆ ಸುತ್ತ ನೋಡಿ, "ಬಾತ್‌ರೂಮ್ ಒಂಚೂರು ಯೂಸ್ ಮಾಡ್ಲಾ? ಬೆಳಿಗ್ಗೆಯಿಂದ ಹೊರಗೇ ಇದ್ದೀನಿ," ಎಂದಳು.

ಹೋಗಿ ಎಂದು ಕೈ ತೋರಿಸಿದೆ.

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೋಣೆಯ ತುಂಬ ಕೇಳಿಸಿತು.

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಮೇಡಂ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಚಿಲಕ ಹಾಕ್ಕೊಂಡ್ರಲ್ಲ ಮೇಡಂ," ಎಂದೆ. "ಇಲ್ಲಿ ಇರೋದು ನಾವಿಬ್ಬರು ಹೆಂಗಸರೇ. ಯಾರೂ ಬರ್ತಿರಲಿಲ್ಲ."

ಅವಳು ಹಿಂದಕ್ಕೆ ತಿರುಗಿ ಚಿಲಕ ನೋಡಿದಳು. ಕರ್ಚೀಫು ಹಿಡಿದ ಕೈ ಅಲ್ಲೇ ನಿಂತಿತು. "ಅದು... ಅಭ್ಯಾಸ," ಎಂದಳು.

ಅಷ್ಟು ದಿನ ಬಾಯಿ ಬಿಡದ ಅತ್ತೆ ಗಂಟಲು ಸರಿಮಾಡಿಕೊಂಡಳು.

"ನಮಗೂ ಅಭ್ಯಾಸ ಆಗ್ಲಿ ಬಿಡವ್ವ."

ಮೇಡಂ ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ವೇದಿಕೆ ಹತ್ತಲಿಲ್ಲ. ಕಾಯಂ ಪತ್ರ ಬಂದಿಲ್ಲ. ಖಾಲಿ ಮಾಡಿ ಎಂದ ಪತ್ರವನ್ನು ಅವರು ವಾಪಸ್ ತೆಗೆದುಕೊಂಡಿಲ್ಲ, ಎತ್ತಿ ಹಾಕಲೂ ಯಾರೂ ಬಂದಿಲ್ಲ. ಭಾನುವಾರದವರನ್ನು ಈಗ ಕೆಳಗಿನ ಮಹಡಿಗಷ್ಟೇ ಕರೆತರುತ್ತಾರೆ. ಅವರು ಹೋದ ಮೇಲೂ ಮೆಟ್ಟಿಲ ಮೇಲೆ ಸೆಂಟಿನ ವಾಸನೆ ಉಳಿದಿರುತ್ತದೆ. ಹತ್ತುವಾಗ ನಾನು ಇವತ್ತಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಬಲೂನಿನವಳು ಆ ಮೆಟ್ಟಿಲಲ್ಲೇ ನನ್ನ ಸೆರಗು ಹಿಡಿದು ನಿಲ್ಲಿಸಿ, ಚಿಲಕ ಯಾವ ಅಂಗಡಿಯಲ್ಲಿ ತಂದದ್ದು ಎಂದು ಪಿಸುಮಾತಿನಲ್ಲಿ ಕೇಳಿದಳು. ಹೇಳಿದೆ. ಹಾಕಿಕೊಡುತ್ತೇನೆ ಎಂದೂ ಹೇಳಿದೆ.

ನಾವು ಇಲ್ಲೇ ಇದ್ದೇವೆ. ಎತ್ತಿ ಹಾಕುವವರು ಬರಲಿ. ಬಂದವರು ಮೊದಲು ಬಾಗಿಲು ತಟ್ಟಲಿ.